ಬದನೆಕಾಯಿ ಬಣ್ಣದ ಕುಪ್ಪಸ

ಹಳೇ ಯಲಹಂಕದ ಪೇಟೆ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಬೀರಾ ಯಾರಿಗೆ ಗೊತ್ತಿಲ್ಲ? ಹೊಸ ಅಪಾರ್ಟ್‌ಮೆಂಟಿನವರಿಗೆ ಗೊತ್ತಿಲ್ಲದಿರಬಹುದು, ಅವರು ಬಂದದ್ದು ಮೊನ್ನೆ. ಎರಡು ಬಂಗಾರದ ಅಂಗಡಿಗಳ ನಡುವೆ ಸಿಕ್ಕಿಕೊಂಡಿರುವ ಎಂಟಡಿ ಅಗಲದ ಜಾಗ ಅವಳದು. ಒಳಗೆ ಎರಡು ಒಲೆ, ನಾಲ್ಕು ದಬರಿ, ಗೋಡೆಯುದ್ದಕ್ಕೂ ಬಣ್ಣದ ಪುಡಿಯ ಡಬ್ಬಿಗಳು, ಒಂದು ಇಸ್ತ್ರಿ ಪೆಟ್ಟಿಗೆ, ಬಂದವರು ಕೂರಲು ಒಂದು ಬೆಂಚು. ಸೀರೆಗೆ ಒಪ್ಪುವ ಕುಪ್ಪಸದ ಬಟ್ಟೆ ಎಲ್ಲೂ ಸಿಗದೆ ಸುಸ್ತಾದ ಹೆಂಗಸರು ಕೊನೆಗೆ ಬಿಳಿ ಬಟ್ಟೆ ತಗೊಂಡು ಇಲ್ಲಿಗೇ ಬರಬೇಕು. ಬರುತ್ತಿದ್ದರು ಕೂಡ.

ಸಬೀರಾಳ ಪದ್ಧತಿಯೇ ಬೇರೆ. ಸೀರೆಯನ್ನು ಹೊಸ್ತಿಲಾಚೆ ಬಿಸಿಲಿಗೆ ಹಿಡಿದು ಒಂದು ಸಲ ನೋಡುತ್ತಾಳೆ. ಆಮೇಲೆ ಮಡಿಸಿ ವಾಪಸ್ ಕೊಟ್ಟುಬಿಡುತ್ತಾಳೆ. “ಒಂದು ಚೂರು ಸ್ಯಾಂಪಲ್ ಇಟ್ಕೊಳ್ರೀ” ಎಂದು ಯಾರಾದರೂ ಅಂದರೆ ಮೂಗಿನ ತುದಿಯಲ್ಲೇ ಕೋಪ. “ಇಟ್ಕೊಂಡಿದ್ದೀನಲ್ಲ, ಇಲ್ಲಿ” ಎಂದು ತನ್ನ ಕಣ್ಣು ತೋರಿಸುತ್ತಾಳೆ. ಒಳಗೆ ಹೋಗಿ ಕುದಿಯುವ ನೀರಿಗೆ ಉಪ್ಪು ಹಾಕಿ, ಮೂರು ಡಬ್ಬಿಯಿಂದ ಮೂರು ಚಿಟಿಕೆ ಪುಡಿ ಬೆರೆಸಿ, ಬಟ್ಟೆ ಅದ್ದಿ ಕೋಲಿನಿಂದ ತಿರುವುತ್ತಾಳೆ. ಒದ್ದೆ ಬಟ್ಟೆಯ ಬಣ್ಣವನ್ನು ನಂಬುವ ಹಾಗಿಲ್ಲ. ಒಂದು ಮೂಲೆಯನ್ನು ಹಿಂಡಿ, ಇಸ್ತ್ರಿ ಪೆಟ್ಟಿಗೆ ಒತ್ತಿ ಒಣಗಿಸಿ, ಬೀದಿಗೆ ತಂದು ನೋಡಬೇಕು. ಟ್ಯೂಬ್‌ಲೈಟ್ ಕೆಳಗೆ ಬಣ್ಣ ಒಪ್ಪಿಕೊಂಡವನು ಕೆಟ್ಟ ಅಂತ ಅವಳ ಅಪ್ಪ ಖಾದರ್ ಬಾಷಾ ಹೇಳುತ್ತಿದ್ದರು.

ಇಷ್ಟು ಬಣ್ಣದ ನಡುವೆ ಬದುಕು ಸವೆಸಿದವಳು ತಾನು ತೊಡುವುದು ಮಾತ್ರ ಬೂದಿ ಬಣ್ಣದ ಚೂಡಿದಾರ, ಮೇಲೊಂದು ಬಿಳಿ ದುಪಟ್ಟಾ. ಬೆಳಿಗ್ಗೆ ಬಂದವಳೇ ಬುರ್ಖಾ ತೆಗೆದು ಮೊಳೆಗೆ ತೂಗುಹಾಕಿ, ದುಪಟ್ಟಾದ ಎರಡು ತುದಿ ಸೊಂಟಕ್ಕೆ ಕಟ್ಟಿದಳೆಂದರೆ ಅಂಗಡಿ ತೆರೆಯಿತು ಅಂತ ಲೆಕ್ಕ. ಇದೂ ಅಪ್ಪನ ಕಟ್ಟಳೆಯೇ. ಬಣ್ಣ ಮಾಡುವವರು ಬಣ್ಣ ಉಡಬಾರದು. ಕೆಂಪು ತೊಟ್ಟು ನಿಂತರೆ ಕೈಯಲ್ಲಿರುವ ಬಟ್ಟೆಯ ಮೇಲೂ ಅದರ ಕೆಂಪು ಬೀಳುತ್ತದೆ, ಕಣ್ಣು ಮೋಸ ಹೋಗುತ್ತದೆ. ನೆಂಟರ ಮದುವೆಗಳಲ್ಲಿ ಅವಳ ಅಕ್ಕ ಅಕ್ಬರಿ ಹಂಗಿಸುವುದುಂಟು. “ಮದ್ವೆಗೆ ಬಂದಿದ್ದೀಯೋ, ಸಾವಿನ ಮನೆಗೆ ಬಂದಿದ್ದೀಯೋ?” ಸಬೀರಾ ನಗುತ್ತಾಳೆ. ಅಷ್ಟು ಜನರ ನಡುವೆ ತಾನೊಬ್ಬಳೇ ಬಿಳಿ ಎಂಬುದರಲ್ಲಿ ಅವಳಿಗೆ ಒಳಗೊಳಗೇ ಜಂಬವಿತ್ತು. ಇರಲಿ, ಯಾರಿಗಿಲ್ಲ?

ಸ್ಯಾಂಪಲ್ಲೂ ಇಲ್ಲದೆ, ಸೀರೆಯನ್ನೂ ನೋಡದೆ ಸಬೀರಾ ಮಾಡುತ್ತಿದ್ದ ಬಣ್ಣ ಒಂದೇ ಒಂದು. ಅದು ಸಿಂಗಾಪುರದ ಲಕ್ಕಮ್ಮನ ಬಣ್ಣ.

ಸಿಂಗಾಪುರ ಎಂದರೆ ವಿಮಾನ ಹತ್ತಿ ಹೋಗುವ ಊರಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಅಲ್ಲಿ ಲಕ್ಕಮ್ಮನ ಮನೆಯವರು ಸೊಪ್ಪು ತರಕಾರಿ ಬೆಳೆಯುತ್ತಿದ್ದ ಹೊಲ ಈಗ ಮೂರು ಅಡ್ಡರಸ್ತೆಯ ಬಡಾವಣೆ. ಮಗ ಅಶ್ವತ್ಥ್ ಬಿಲ್ಡರ್, ಬಾಗಿಲಲ್ಲಿ ಎರಡು ಕಾರು. ಆದರೂ ಅರವತ್ತೆಂಟರ ಲಕ್ಕಮ್ಮ ಪ್ರತಿ ಬುಧವಾರ ಬಸ್ಸಿನಲ್ಲೇ ಯಲಹಂಕಕ್ಕೆ ಬರುತ್ತಾಳೆ. ತಲೆ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಕಾಲದಿಂದ ಬುಧವಾರವೇ ಅವಳ ದಿನ. ಬುಟ್ಟಿ ಹೋಯಿತು, ಬುಧವಾರ ಉಳಿಯಿತು. ಬೆಂಚಿನ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಊರಿನವರನ್ನೆಲ್ಲ ಒಂದು ಸುತ್ತು ಬೈದು, ಹನ್ನೆರಡೂವರೆ ಬಸ್ಸಿಗೆ ವಾಪಸ್ ಹೋಗುತ್ತಾಳೆ. ಯುಗಾದಿಗೊಂದು, ಗೌರಿ ಹಬ್ಬಕ್ಕೊಂದು ಎಂದು ವರ್ಷಕ್ಕೆ ಎರಡು ಕುಪ್ಪಸ. ಸೀರೆ ಹಸಿರೋ ಹಳದಿಯೋ ರೇಷ್ಮೆಯೋ ನೂಲೋ, ಯಾವುದಾದರೂ ಇರಲಿ, ಕುಪ್ಪಸ ಮಾತ್ರ ಬದನೆಕಾಯಿ ಬಣ್ಣದ್ದೇ. “ಮ್ಯಾಚಿಂಗ್ ಹಾಕ್ಕೊಳ್ಳಿ ಅಜ್ಜಿ” ಎಂದು ಮೊಮ್ಮಗಳು ಚೈತ್ರ ಎಷ್ಟು ಬೇಡಿದರೂ ಅಷ್ಟೇ. “ಸೀರೆ ಬೇಕಾದ್ರೆ ನನ್ ಕುಪ್ಪಸಕ್ಕೆ ಮ್ಯಾಚಿಂಗ್ ಮಾಡ್ಕೊಳ್ಳಿ” ಎಂದು ಅಜ್ಜಿ ಬಾಯಿ ಮುಚ್ಚಿಸುತ್ತಾಳೆ.

ಈ ಬದನೆಕಾಯಿಯ ಕತೆಯನ್ನು ಸಬೀರಾ ಹೋದ ವರ್ಷ ತನ್ನ ಮಗಳು ಸುಮೈರಾಗೆ ಹೇಳಬೇಕಾಗಿ ಬಂತು. ಸುಮೈರಾಗೆ ಇಪ್ಪತ್ತೆಂಟು. ನರ್ಸರಿ ಶಾಲೆಯಲ್ಲಿ ಪಾಠ ಮಾಡಿದಳು, ಬಿಟ್ಟಳು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತಳು, ಅದನ್ನೂ ಬಿಟ್ಟಳು. ಮೂರನೆಯ ಕೆಲಸಕ್ಕೂ ರಾಜೀನಾಮೆ ಬರೆದುಕೊಂಡು ಬಂದ ಸಂಜೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೇಳಿದಳು.

“ಅಮ್ಮಿ, ಇದೇ ನನ್ನ ಕೆಲಸ ಅಂತ ನಿನಗೆ ಯಾವಾಗ ಗೊತ್ತಾಯ್ತು?”

ಸಬೀರಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. ಆ ಪ್ರಶ್ನೆಯನ್ನು ಅರವತ್ತು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಲಕ್ಕಮ್ಮ ಮೊದಲ ಸಲ ಬಂದಾಗ ಸಬೀರಾಗೆ ಹದಿನೈದು. ಅಕ್ಬರಿ ಓದಿನಲ್ಲಿ ಚುರುಕು ಎಂದು ಶಾಲೆಗೆ ಹೋಗುತ್ತಿದ್ದಳು. ಸಬೀರಾ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದಳು. ಬಣ್ಣದ ಡಬ್ಬಿ ಮುಟ್ಟಲು ಅವಳಿಗೆ ಅಪ್ಪಣೆಯಿರಲಿಲ್ಲ. ಒಂದು ಬುಧವಾರ ಅಪ್ಪ ನಮಾಜಿಗೆ ಹೋಗಿದ್ದಾಗ, ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಇಪ್ಪತ್ತಮೂರರ ಪ್ರಾಯ, ಕಪ್ಪು ಮೈಬಣ್ಣ, ಅತ್ತು ಕೆಂಪಾದ ಕಣ್ಣು. ಚಿಕ್ಕಜಾಲದಿಂದ ಸಿಂಗಾಪುರಕ್ಕೆ ಮದುವೆಯಾಗಿ ಬಂದವಳು. ಬುಟ್ಟಿ ಇಳಿಸಿ, ಅದರೊಳಗಿಂದ ಒಂದು ಗುಂಡು ಬದನೆಕಾಯಿ ತೆಗೆದು ಕಟ್ಟೆಯ ಮೇಲೆ ಕುಟ್ಟಿ ಇಟ್ಟಳು.

“ನಮ್ಮತ್ತೆ ನನ್ನ ಬದನೇಕಾಯಿ ಅಂತವ್ಳೆ. ಮದ್ವೆ ಮನೇಲಿ, ಎಲ್ರ ಮುಂದ್ಗಡೆ. ಇದೇ ಬಣ್ಣದ್ದು ಒಂದು ಕುಪ್ಸ ಮಾಡ್ಕೊಡು. ಸಾಯೋಗಂಟ ಅದ್ನೇ ಹಾಕ್ಕೊಂಡು ಅವಳ ಮುಂದೇನೇ ತಿರುಗ್ತೀನಿ!”

ಅಪ್ಪ ಬರಲಿ ಅನ್ನಬೇಕಿತ್ತು. ಆದರೆ ಆ ಕಣ್ಣು, ಆ ಬದನೆಕಾಯಿ, ಎರಡನ್ನೂ ನೋಡಿದ ಮೇಲೆ ಸಬೀರಾಳ ಕೈ ತಾನಾಗಿ ಡಬ್ಬಿಗೆ ಹೋಯಿತು. ಕೆಂಪು, ನೀಲಿ, ಒಂದು ಚೂರು ಕಪ್ಪು. ಬದನೆಕಾಯಿ ಕಪ್ಪಲ್ಲ, ಅದರೊಳಗೊಂದು ಕೆಂಪು ಅಡಗಿರುತ್ತದೆ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಪ್ಪ ವಾಪಸ್ ಬಂದವರು ಮಗಳ ನೇರಳೆ ಕೈ ನೋಡಿ ಮೊದಲು ತಲೆಗೊಂದು ಕೊಟ್ಟರು. ಆಮೇಲೆ ಬಟ್ಟೆಯ ಮೂಲೆಗೆ ಇಸ್ತ್ರಿ ಒತ್ತಿ, ಬೀದಿಗೆ ಒಯ್ದು, ಬಿಸಿಲಲ್ಲಿ ಬದನೆಕಾಯಿಯ ಪಕ್ಕ ಹಿಡಿದರು. ಬಹಳ ಹೊತ್ತು ಹಾಗೇ ನಿಂತಿದ್ದರು. ಮಾರನೇ ದಿನ ಬೆಳಿಗ್ಗೆ ಒಂದು ಹೊಸ ಬಿಳಿ ದುಪಟ್ಟಾ ತಂದು ಅವಳ ಮಡಿಲಿಗೆ ಹಾಕಿದರು.

“ಹಾಗಾದ್ರೆ ಅವತ್ತೇ ಗೊತ್ತಾಯ್ತಾ?” ಸುಮೈರಾ ಕೇಳಿದಳು.

“ಏನು ಗೊತ್ತಾಗೋದು? ಯಾರೋ ಬಾಗಿಲಲ್ಲಿ ಬಂದು ನಿಂತಿರ್ತಾರೆ, ಕೈಯಲ್ಲಿ ಬಟ್ಟೆ ಹಿಡ್ಕೊಂಡು. ಮಾಡಿಕೊಡ್ತೀವಿ. ಇನ್ನೊಬ್ರು ಬರ್ತಾರೆ. ಹಾಗೇ ಹೊತ್ತು ಹೋಗುತ್ತೆ” ಎಂದು ಸಬೀರಾ ಮತ್ತೆ ಈರುಳ್ಳಿಗೆ ಕೈ ಹಾಕಿದಳು. ಮಗಳಿಗೆ ಈ ಉತ್ತರ ಸಾಲಲಿಲ್ಲ. ಸಬೀರಾಗೂ ಸಾಲಲಿಲ್ಲ ಎನ್ನುವುದು ಬೇರೆ ಮಾತು.

ಕಾರಣ, ಆ ಬಾಗಿಲಿಗೆ ಬಂದು ನಿಲ್ಲುವವರು ಮೂರು ನಾಲ್ಕು ವರ್ಷದಿಂದ ಕಡಿಮೆಯಾಗುತ್ತ ಬಂದಿದ್ದರು. ರೆಡಿಮೇಡ್ ಕುಪ್ಪಸ ಬಂತು, ಫೋನಿನಲ್ಲೇ ತರಿಸಿಕೊಳ್ಳುತ್ತಾರೆ, ಈಗಿನವರಿಗೆ ಬಣ್ಣದ ಬೆಲೆ ಎಲ್ಲಿ ಗೊತ್ತು ಎಂದು ಅವಳು ಗೊಣಗುತ್ತಿದ್ದಳು. ಯಶವಂತಪುರದಿಂದ ಬಣ್ಣದ ಡಬ್ಬಿ ತರುತ್ತಿದ್ದ ಗಂಡ ಮುಕ್ತಾರ್ ತೀರಿಕೊಂಡು ಐದು ವರ್ಷ. ಅವನಿದ್ದಿದ್ದರೆ ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳುತ್ತಿದ್ದ. ಅವನ ಬಾಯಿಗೆ ಹೆದರಿ ನೆಂಟರೇ ಮನೆಗೆ ಬರುತ್ತಿರಲಿಲ್ಲ.

ಸತ್ಯ ಕೊನೆಗೆ ಗಜಾಲಾ ಎಂಬ ಹುಡುಗಿಯ ರೂಪದಲ್ಲಿ ಬಂತು. ಆರ್.ಟಿ. ನಗರದವಳು, ಮದುವೆಯ ಉಡುಪಿಗೆ ಒಂದು ದುಪಟ್ಟಾ ಅಚ್ಚ ಕಪ್ಪಾಗಬೇಕು ಎಂದು ಕೊಟ್ಟು ಹೋಗಿದ್ದಳು. ಒಯ್ದ ಮಾರನೇ ದಿನವೇ ವಾಪಸ್ ಬಂದಳು.

“ಆಂಟಿ, ಇದು ಕಪ್ಪಲ್ಲ, ನೇವಿ ಬ್ಲೂ.”

“ನೇವಿ ಬ್ಲೂ? ಕಣ್ಣು ಸರಿಯಾಗಿ ಬಿಟ್ಟು ನೋಡಮ್ಮ.”

ಗಜಾಲಾ ಫೋನಿನಲ್ಲಿ ತೆಗೆದ ಫೋಟೋ ತೋರಿಸಿದಳು. ಫೋನ್ ಸುಳ್ಳು ಹೇಳುತ್ತದೆ ಎಂದಳು ಸಬೀರಾ. ನಿಮ್ಮ ಮನೆಯ ಲೈಟು ಸರಿಯಿಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಹುಡುಗಿ ಪಾಪ, ಜಗಳವಾಡದೆ ದುಪಟ್ಟಾ ಬೆಂಚಿನ ಮೇಲೇ ಬಿಟ್ಟು ಎದ್ದು ಹೋದಳು. ಅವತ್ತು ಊಟ ತಂದಿದ್ದ ಸುಮೈರಾ ದುಪಟ್ಟಾವನ್ನು ಬೀದಿಗೆ ಒಯ್ದು ಬಿಸಿಲಲ್ಲಿ ಹಿಡಿದಳು. ಅಮ್ಮಿ ಕಲಿಸಿದ ಹಾಗೆಯೇ.

“ಅಮ್ಮಿ, ಅವಳು ಹೇಳಿದ್ದು ಸರಿ. ಇದು ನೀಲಿ.”

ಸಬೀರಾ ಪಕ್ಕದಲ್ಲೇ ನಿಂತು ನೋಡಿದಳು. ಅವಳಿಗೆ ಕಂಡದ್ದು ಕಪ್ಪು. ಹೆದರಿದಳು. ಬದುಕಿನಲ್ಲಿ ಅಷ್ಟು ಹೆದರಿದ್ದು ಮುಕ್ತಾರ್ ಆಸ್ಪತ್ರೆಯಲ್ಲಿದ್ದಾಗ ಮಾತ್ರ.

ಹೆಬ್ಬಾಳದ ಕಡೆಯ ಒಂದು ಕಣ್ಣಿನಾಸ್ಪತ್ರೆಗೆ ಮಗಳು ಕರೆದುಕೊಂಡು ಹೋದಳು. ಎರಡು ಕಣ್ಣಿಗೂ ಪೊರೆ ಬಲಿತಿದೆ, ಒಂದಾದ ಮೇಲೊಂದು ಆಪರೇಷನ್ ಮಾಡಿಬಿಡೋಣ ಎಂದರು ಡಾಕ್ಟರು. ಪೊರೆ ಹಳದಿ ಗಾಜಿನ ಹಾಗೆ, ವರ್ಷಗಟ್ಟಲೆ ನಿಧಾನವಾಗಿ ಕಟ್ಟುತ್ತದೆ, ನೀಲಿಯನ್ನು ಒಳಗೆ ಬಿಡುವುದಿಲ್ಲ ಎಂದು ವಿವರಿಸಿದರು. “ಆಪರೇಷನ್ ಆದ್ಮೇಲೆ ಬಣ್ಣ ಎಲ್ಲಾ ಬೇರೆ ಥರ ಕಾಣುತ್ತೆ, ಗಾಬರಿ ಆಗ್ಬೇಡಿ” ಎಂದು ನಕ್ಕರು.

ಅವರು ಧೈರ್ಯಕ್ಕೆಂದು ಹೇಳಿದ ಆ ಮಾತೇ ಸಬೀರಾಳನ್ನು ಕೊಂದಿತು. ಬೇರೆ ಥರ ಕಂಡರೆ, ಇಷ್ಟು ವರ್ಷ ಈ ಕಣ್ಣಲ್ಲಿ ಕೂಡಿಟ್ಟ ಬಣ್ಣಗಳ ಗತಿಯೇನು? ಬರೆದಿಟ್ಟ ಚೀಟಿಯಿಲ್ಲ, ಕತ್ತರಿಸಿಟ್ಟ ಸ್ಯಾಂಪಲ್ ಇಲ್ಲ. ಎರಡು ತಿಂಗಳು ಅದೂ ಇದೂ ನೆವ ಹೇಳಿ ಮುಂದೂಡಿದಳು. ಲಕ್ಕಮ್ಮ ತಾನು ಆಪರೇಷನ್ ಮಾಡಿಸಿಕೊಂಡು ಆರು ವರ್ಷವಾಗಿತ್ತು. ಬುಧವಾರ ಬುಧವಾರ ಬೈಯುತ್ತಿದ್ದಳು. “ಕಣ್ಣು ತೋರುಸ್ಕೋ ಅಂತ ಎಷ್ಟ್ ವರ್ಷದಿಂದ ಬಡ್ಕೊಂತಿವ್ನಿ ನಾನು! ಇರುವೆ ಕಚ್ದಂಗೂ ಆಗಕ್ಕಿಲ್ಲ ಕಣಮ್ಮಿ, ಮಾಡುಸ್ಕೊಂಬುಡು.”

ಕೊನೆಗೆ ಸಬೀರಾ ಒಪ್ಪಿದಳು, ಆದರೆ ಮನಸ್ಸಿನಲ್ಲೇ ಒಂದು ಪಂದ್ಯ ಕಟ್ಟಿಕೊಂಡು. ಆಪರೇಷನ್ ಆದ ಮೇಲೆ ಮೊದಲು ಮಾಡುವುದು ಲಕ್ಕಮ್ಮನ ಬಣ್ಣ. ಅದು ಬಂದರೆ ಅಂಗಡಿ. ಬರದಿದ್ದರೆ ಡಬ್ಬಿಗಳನ್ನೆಲ್ಲ ಯಾರಿಗಾದರೂ ಕೊಟ್ಟು ಬಾಗಿಲು ಎಳೆದುಬಿಡುವುದು. ಇದನ್ನು ಅವಳು ಸುಮೈರಾಗೆ ಒಬ್ಬಳಿಗೇ ಹೇಳಿದಳು. ಸುಮೈರಾ ಅಮ್ಮಿಯ ಕೈ ಹಿಡಿದುಕೊಂಡಳು.

ಬಲಗಣ್ಣಿನ ಆಪರೇಷನ್ ಆಯಿತು. ಲಕ್ಕಮ್ಮ ಹೇಳಿದ್ದು ನಿಜ, ನೋವೇ ಆಗಲಿಲ್ಲ. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಎದುರಿಗಿದ್ದ ಗೋಡೆ ಕಣ್ಣು ಕೋರೈಸುವಷ್ಟು ಬೆಳ್ಳಗಿತ್ತು. ಇಷ್ಟೊಂದು ಬಿಳಿ ಲೋಕದಲ್ಲಿ ಇತ್ತೇ ಎಂದುಕೊಂಡಳು. ಕಪ್ಪು ಕನ್ನಡಕ ಹಾಕಿಸಿಕೊಂಡು ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿ, ಕನ್ನಡಕ ತೆಗೆದಳು. ಕನ್ನಡಿಯ ಮುಂದೆ ನಿಂತಳು.

ಮೈಮೇಲಿದ್ದ ದುಪಟ್ಟಾ ನೀಲಿಯಾಗಿತ್ತು.

ಬಲಗಣ್ಣು ಮುಚ್ಚಿ ಹಳೆಯ ಎಡಗಣ್ಣಲ್ಲಿ ನೋಡಿದಳು. ಬಿಳಿ. ಎಡಗಣ್ಣು ಮುಚ್ಚಿ ಹೊಸ ಕಣ್ಣಲ್ಲಿ ನೋಡಿದಳು. ತಿಳಿ ನೀಲಿ, ಶಾಲಾ ಮಕ್ಕಳ ಅಂಗಿಯ ನೀಲಿ. ಬೀರು ತೆಗೆದಳು. ಏಳು ದುಪಟ್ಟಾ, ಏಳೂ ನೀಲಿ. ಆಮೇಲೆ ಅರ್ಥವಾಯಿತು. ಒಗೆದ ದುಪಟ್ಟಾ ಹಳದಿಯಾಗಿದೆ, ಬಿಳಿ ಸಾಲದು ಎಂದು ವಾರವಾರವೂ ಬಕೆಟ್ಟಿಗೆ ಹಾಕುತ್ತಿದ್ದ ನೀಲಿಯನ್ನು ಅವಳು ಹೆಚ್ಚಿಸುತ್ತಲೇ ಬಂದಿದ್ದಳು. ಹಳದಿಯಿದ್ದದ್ದು ದುಪಟ್ಟಾದಲ್ಲಲ್ಲ.

“ಸುಮೈರಾ! ಇದು ಎಷ್ಟು ದಿನದಿಂದ ಹೀಗಿದೆ?”

ಮಗಳು ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತಳು. “ಮೂರು ನಾಲ್ಕು ವರ್ಷ ಆಯ್ತು ಅಮ್ಮಿ. ಅಬ್ಬಾ ಹೋದ್ಮೇಲೆ ನೀನು ಬೇಕೂಂತಲೇ ನೀಲಿ ಹಾಕ್ಕೊಳ್ತಿದ್ದೀಯ ಅಂದ್ಕೊಂಡೆ. ಚೆನ್ನಾಗಿ ಒಪ್ಪುತ್ತೆ ಅಂತ ಸುಮ್ನಿದ್ದೆ.”

ಅಪ್ಪ ಮಡಿಲಿಗೆ ಹಾಕಿದ ಬಿಳಿ. ಅದನ್ನು ಉಡುತ್ತಿದ್ದೇನೆ ಎಂಬ ಜಂಬದಲ್ಲಿ ನಾಲ್ಕು ವರ್ಷ ಪೇಟೆ ಬೀದಿಯಲ್ಲೆಲ್ಲ ನೀಲಿ ತೊಟ್ಟು ತಿರುಗಿದ್ದಳು. ನಗು ಬರಬೇಕಾದ ಮಾತೇ. ಸಬೀರಾಗೆ ಬರಲಿಲ್ಲ. ದುಪಟ್ಟಾ ಹೀಗಾಗಿದ್ದರೆ, ಆ ವರ್ಷಗಳಲ್ಲಿ ಅಂಗಡಿಯಿಂದ ಹೊರಗೆ ಹೋದ ಬಟ್ಟೆಗಳ ಕತೆ? ಬಾರದೆ ಹೋದ ಒಬ್ಬೊಬ್ಬರ ಮುಖವೂ ಅವಳ ಕಣ್ಣ ಮುಂದೆ ಬಂತು. ಅವರು ಫೋನಿನಲ್ಲಿ ತರಿಸಿಕೊಳ್ಳಲು ಹೋದವರಲ್ಲ, ಮರ್ಯಾದೆಯಿಂದ ಬಿಟ್ಟು ಹೋದವರು.

ಮೂರು ವಾರ ಒಲೆಯ ಹತ್ತಿರ ಹೋಗಬಾರದು, ಕಣ್ಣಿಗೆ ನೀರು ಸೋಕಿಸಬಾರದು ಎಂದಿದ್ದರು. ಅಂಗಡಿಗೆ ಬೀಗ ಬಿತ್ತು. ನಾಲ್ಕನೆಯ ಬುಧವಾರ ಬೆಳಿಗ್ಗೆ ಅವಳು ಬೀಗ ತೆಗೆದು, ಹೊಸದಾಗಿ ಕೊಂಡ ಅಚ್ಚ ಬಿಳಿ ದುಪಟ್ಟಾ ಸೊಂಟಕ್ಕೆ ಕಟ್ಟಿ, ಬೆಂಚು ಒರೆಸಿ ಕೂತಳು. ಹತ್ತೂವರೆಗೆ ಲಕ್ಕಮ್ಮ ಬಸ್ಸಿಳಿದು ಬಂದಳು. ಬಿಸಿಲಿನಲ್ಲಿ ನಡೆದು ಬರುತ್ತಿದ್ದವಳನ್ನು ಸಬೀರಾ ದೂರದಿಂದಲೇ ನೋಡಿದಳು. ಹಳದಿ ಸೀರೆ. ಅದರ ಮೇಲೆ, ಶಾಯಿ ಚೆಲ್ಲಿದ ಹಾಗೆ, ಕಡು ನೀಲಿ ಕುಪ್ಪಸ.

“ಏನಮ್ಮಿ, ಇಂಗ್ ನೋಡ್ತಿದ್ದೀಯ? ಕಣ್ಣು ಎಂಗೈತೆ?”

“ಚೆನ್ನಾಗಿದೆ ಅಕ್ಕ.” ಸಬೀರಾ ಕುಪ್ಪಸದಿಂದ ಕಣ್ಣು ತೆಗೆಯಲಿಲ್ಲ. “ಮುಂದಿನ ಬುಧವಾರ ಬರ್ಬೇಕಾದ್ರೆ ನಾನು ಮಾಡಿಕೊಟ್ಟ ಕುಪ್ಸ ಎಲ್ಲಾ ತಗೊಂಬಾ. ಎಂಟು ಇರ್ಬೇಕು, ನಾಲ್ಕು ವರ್ಷದ್ದು.”

“ಯಾತಕ್ಕೆ ಈಗ? ಬೀರೂನಾಗೆ ಎಲ್ಲಿ ಅವೋ ಏನೋ...”

“ತಗೊಂಬಾ ಅಕ್ಕ.”

ಲಕ್ಕಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ಆ ದಿನ ಊರಿನವರಲ್ಲಿ ಒಬ್ಬರನ್ನೂ ಬೈಯಲಿಲ್ಲ. ಹನ್ನೆರಡೂವರೆ ಬಸ್ಸಿಗೆ ಬದಲು ಹನ್ನೆರಡರ ಬಸ್ಸಿಗೇ ಹೊರಟುಬಿಟ್ಟಳು.

ಮುಂದಿನ ಬುಧವಾರ ಸಬೀರಾ ಎಂಟು ಗಂಟೆಗೇ ಒಲೆ ಹಚ್ಚಿದಳು. ನೀರಿಗೆ ಉಪ್ಪು ಹಾಕಿದಳು. ಕೆಂಪು, ನೀಲಿ, ಒಂದು ಚೂರು ಕಪ್ಪು. ಎಡಗಣ್ಣಿನ ಮೇಲೆ ಕರ್ಚೀಫು ಕಟ್ಟಿಕೊಂಡಿದ್ದಳು, ಅದು ಇನ್ನೂ ಹಳೆಯ ಸುಳ್ಳನ್ನೇ ಹೇಳುತ್ತಿತ್ತು. ಹದಿನೈದರ ಹುಡುಗಿಯಾಗಿದ್ದಾಗ ಕಂಡ ಆ ಬಣ್ಣವನ್ನು ನೆನಪಿನ ತಳದಿಂದ ಎತ್ತಿಕೊಂಡು ಬರಬೇಕು. ಬಿಸ್ಮಿಲ್ಲಾ ಎಂದು ಬಟ್ಟೆ ಅದ್ದಿ ತಿರುವಿದಳು. ಅದು ಮುಗಿದು, ಹಿಂಡಿ, ಇನ್ನೇನು ಇಸ್ತ್ರಿ ಒತ್ತಬೇಕು, ಲಕ್ಕಮ್ಮ ಬಂದಳು. ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ.

“ಬೆಂಚ್ ಮೇಲೆ ಹಾಕು ಅಕ್ಕ. ಹಳೇದು ಮೊದಲು.”

ಲಕ್ಕಮ್ಮ ಒಂದೊಂದಾಗಿ ಹಾಸಿದಳು. ಮೊದಲನೆಯದು ಬದನೆಕಾಯಿಯೇ, ಯಾರೂ ಹೆಸರಿಡುವ ಹಾಗಿರಲಿಲ್ಲ. ಎರಡನೆಯದರಲ್ಲಿ ನೀಲಿ ಎಳ್ಳಷ್ಟು ಏರಿತ್ತು. ಮೂರನೆಯದು ನೇರಳೆ ಹಣ್ಣು. ಐದಕ್ಕೆ ಬರುವಷ್ಟರಲ್ಲಿ ಕೆಂಪು ಉಸಿರು ಬಿಟ್ಟಿತ್ತು. ಎಂಟನೆಯದು, ಕಳೆದ ವಾರ ಮೈಮೇಲಿದ್ದದ್ದು, ಅಪ್ಪಟ ಶಾಯಿ. ತನ್ನ ಕಣ್ಣು ಹೇಗೆ ಹೇಗೆ ಮಸುಕಾಯಿತು ಎಂಬುದನ್ನು ಯಾರೋ ತಾರೀಖು ಹಾಕಿ ಬೆಂಚಿನ ಮೇಲೆ ಸಾಲಾಗಿ ಇಟ್ಟಂತಿತ್ತು. ಎಲ್ಲವುಗಳ ಕಂಕುಳಲ್ಲೂ ಬೆವರಿನ ಗುರುತಿತ್ತು, ತೋಳಿನ ಹೊಲಿಗೆ ಸವೆದಿತ್ತು. ಲಕ್ಕಮ್ಮ ಒಂದನ್ನೂ ಬೀರುವಿನಲ್ಲಿ ಕೊಳೆಯಲು ಬಿಟ್ಟಿರಲಿಲ್ಲ.

“ನಿನಗೆ ಕಾಣ್ತಿತ್ತು.”

“ಕಾಣ್ದೇ ಏನು? ಕನ್ನಡ್ಕವೇ ಬ್ಯಾಡ ನಂಗೆ ಈಗ.”

“ಅತ್ತೆ ಮೇಲಿನ ಹಟಕ್ಕೆ ಸಾಯೋ ತನಕ ಅದೇ ಬಣ್ಣ ಅಂದಿದ್ದೆ ನೀನು. ನಾಲ್ಕು ವರ್ಷ ಬೇರೆ ಬಣ್ಣ ಹಾಕ್ಕೊಂಡು ತಿರುಗಿದ್ದೀಯಲ್ಲ, ನನಗೆ ಒಂದು ಮಾತು ಯಾಕೆ ಹೇಳ್ಲಿಲ್ಲ?”

ಲಕ್ಕಮ್ಮ ಬಾಯಿಯ ಎಲೆಯನ್ನು ಒಂದು ಕಡೆಗೆ ಒತ್ತಿಕೊಂಡಳು.

“ನಮ್ಮತ್ತೆ ಸತ್ತು ಮೂವತ್ತು ವರ್ಸ ಆಯ್ತು. ಅವಳ ಮೇಲಿನ್ ಅಟ ಅವತ್ತೇ ಮುಗೀತು ಕಣಮ್ಮಿ. ಆಮೇಲೆ ಹಾಕ್ಕೊಂಡಿದ್ದೆಲ್ಲ ನೀನು ಮಾಡ್ಕೊಡ್ತೀಯ ಅಂತ. ಮುಕ್ತಾರಣ್ಣ ತೀರ್ಕೊಂಡ್ ಮೇಲೆ ನೀನು ಇದೇ ಒಲೆ ಮುಂದೆ ಕಲ್ಲಿನಂಗೆ ಕುಂತಿದ್ದೆ. ಆಗ ನಾನು ಬಣ್ಣ ಸರಿ ಇಲ್ಲ ಅಂದಿದ್ರೆ, ನಿನ್ ಸೊಕ್ಕು ನಂಗೊತ್ತಿಲ್ವ, ಅವತ್ತೇ ಬಾಗ್ಲು ಆಕ್ಬುಡ್ತಿದ್ದೆ. ಬಾಗ್ಲು ಆಕುದ್ರೆ ಬುಧವಾರ ನಾನೆಲ್ಲಿಗ್ ಬರ್ಲಿ?” ಅವಳು ಬೆಂಚಿನ ಅಂಚನ್ನು ತಟ್ಟಿದಳು. “ಒಲ ಓಯ್ತು, ಸಂತೆ ಓಯ್ತು. ಇದೊಂದು ಬೆಂಚು ಐತೆ.”

ಸಬೀರಾ ಇಷ್ಟು ವರ್ಷ ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದಳು: ತಾನು ಲಕ್ಕಮ್ಮನಿಗೆ ಬಣ್ಣ ಕೊಟ್ಟವಳು, ತಲೆಯೆತ್ತಿ ತಿರುಗುವ ಧೈರ್ಯ ಕೊಟ್ಟವಳು. ಈಗ ನೋಡಿದರೆ ತನ್ನ ತಪ್ಪನ್ನು ಮೈಮೇಲೆ ಹೊತ್ತು, ಜನರೆದುರು ತಿರುಗಿ, ಅಂಗಡಿಯ ಬಾಗಿಲು ತೆರೆದಿಟ್ಟವಳು ಇವಳು. ಕಣ್ಣು ತುಂಬಿಬಂತು.

“ಅಳ್ಬ್ಯಾಡ! ಏಯ್, ಅಳ್ಬ್ಯಾಡ ಅಂದ್ರೆ! ಕಣ್ಣಿಗೆ ನೀರ್ ಸೋಕ್ಬಾರ್ದು ಅಂತ ಡಾಕ್ಟ್ರು ಯೋಳಿಲ್ವ?” ಲಕ್ಕಮ್ಮ ಗಾಬರಿಯಿಂದ ತನ್ನ ಸೆರಗಿನ ತುದಿ ಮಡಿಚಿ ಅವಳ ಕೆನ್ನೆಗೆ ಒತ್ತಿದಳು. ಲಕ್ಕಮ್ಮನ ಕೆನ್ನೆಯೇನೂ ಒಣಗಿರಲಿಲ್ಲ.

ದಬರಿಯ ನೀರು ಸಣ್ಣಗೆ ಕುದಿಯುತ್ತಿತ್ತು. ಸಬೀರಾ ಎದ್ದು, ಬಟ್ಟೆಯ ಮೂಲೆಗೆ ಇಸ್ತ್ರಿ ಪೆಟ್ಟಿಗೆ ಒತ್ತಿ ಒಣಗಿಸಿದಳು. ಬಾಗಿಲ ತನಕ ಹೋದವಳು ನಿಂತಳು. ಬದುಕಿನಲ್ಲಿ ಯಾರನ್ನೂ ಕೇಳದ ಮಾತನ್ನು ಕೇಳಿದಳು.

“ಅಕ್ಕ, ಸ್ಯಾಂಪಲ್ ಏನಾದ್ರೂ ತಂದಿದ್ದೀಯಾ?”

ಲಕ್ಕಮ್ಮ ಚೀಲದ ತಳಕ್ಕೆ ಕೈ ಹಾಕಿದಳು. ಒಂದು ಗುಂಡು ಬದನೆಕಾಯಿ ತೆಗೆದು ಕಟ್ಟೆಯ ಮೇಲೆ ಕುಟ್ಟಿ ಇಟ್ಟಳು.

“ನಮ್ ಒಲದ್ದಲ್ಲ. ಗಾಡಿಯವನತ್ರ ತಕೊಂಡೆ. ಆದ್ರೂ ಬದನೇಕಾಯಿ ಬದನೇಕಾಯೇ.”

ಇಬ್ಬರೂ ಬೀದಿಗೆ ಬಂದರು. ಹನ್ನೊಂದು ಗಂಟೆಯ ಬಿಸಿಲು, ಅಪ್ಪ ನಿಂತಿದ್ದ ಜಾಗ. ಸಬೀರಾ ಒಂದು ಕೈಯಲ್ಲಿ ಬದನೆಕಾಯಿ, ಇನ್ನೊಂದರಲ್ಲಿ ಬಟ್ಟೆಯ ಒಣಗಿದ ಮೂಲೆ ಹಿಡಿದು, ಎರಡನ್ನೂ ಹತ್ತಿರ ತಂದು ನೋಡಿದಳು. ಬಹಳ ಹೊತ್ತು ನೋಡಿದಳು. ಬಂಗಾರದಂಗಡಿಯ ಕಾವಲುಗಾರನೂ ಇಣುಕಿದ.

“ಸರಿಯಾಗೈತೆ” ಎಂದಳು ಲಕ್ಕಮ್ಮ, ಅವಸರವಾಗಿ. “ಅದೇ ಬಣ್ಣ. ಬದನೇಕಾಯಿಗೆ ಬದನೇಕಾಯಿ.”

“ಇಲ್ಲ.”

ಲಕ್ಕಮ್ಮನ ಮುಖ ಬಾಡಿತು. ಸಬೀರಾ ಬಟ್ಟೆಯ ಮೂಲೆಯನ್ನು ಇನ್ನಷ್ಟು ಬಿಸಿಲಿಗೆ ಹಿಡಿದಳು. ಅವಳ ಒಂಟಿ ಕಣ್ಣು ಸಣ್ಣದಾಗಿ, ಹುಬ್ಬು ಗಂಟಾಗಿತ್ತು. ಆಮೇಲೆ ಆ ಮುಖದಲ್ಲಿ ನಗು ಬಂತು. ಹದಿನೈದು ವರ್ಷದವಳ ನಗು.

“ಕೆಂಪು ಜಾಸ್ತಿ ಆಗಿದೆ ಅಕ್ಕ. ಒಂದು ಚಿಟಿಕೆ ಅಷ್ಟೇ. ನಿನಗೆ ಕಾಣಲ್ಲ, ನನಗೆ ಕಾಣುತ್ತೆ.”

“ನಂಗೇನೂ ಕಾಣಕ್ಕಿಲ್ವಲ್ಲಮ್ಮಿ...”

“ನನಗೆ ಕಾಣುತ್ತೆ” ಎಂದು ಸಬೀರಾ ಮತ್ತೆ ಹೇಳಿದಳು. “ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳ್ಬೇಡ. ತಪ್ಪಾದ್ರೆ ತಪ್ಪು ಅನ್ನು, ಬಾಗಿಲು ಹಾಕಲ್ಲ ನಾನು.”

ಒಳಗೆ ಹೋಗಿ, ಬಟ್ಟೆಯನ್ನು ತೊಳೆದು, ದಬರಿಗೆ ಮತ್ತೆ ನೀರು ಸುರಿದಳು. ನೀಲಿಯ ಡಬ್ಬಿಯ ಮುಚ್ಚಳ ತೆಗೆದಳು. ಬದನೆಕಾಯಿಯನ್ನು ಒ‌ಲೆಯ ಪಕ್ಕದಲ್ಲೇ, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡಳು. ಲಕ್ಕಮ್ಮ ಎಂಟೂ ಕುಪ್ಪಸ ಮಡಿಸಿ ಚೀಲಕ್ಕೆ ತುಂಬುತ್ತ, ಸಾಯಂಕಾಲ ಆ ಬದನೆಕಾಯಿಗೆ ಹುಳಿಮೆಣಸು ಹಾಕಿ ಪಲ್ಯ ಮಾಡ್ಕೋ, ಬಿಸಾಕ್ಬ್ಯಾಡ ಎಂದಳು. ಆಮೇಲೆ ಎಲೆಯಡಿಕೆಯ ಚೀಲ ಬಿಚ್ಚಿ, ಸಿಂಗಾಪುರದವರನ್ನು ಒಬ್ಬೊಬ್ಬರನ್ನಾಗಿ ಬೈಯಲು ಶುರುಮಾಡಿದಳು. ಹನ್ನೆರಡೂವರೆ ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.